ಬೆಳಕಿಗೆ ಸೇಂದಿ ಕುಡಿಸಿದ ಕಲ್ಯಾಣಪ್ಪ

ಬೆಳಕು ತಳ್ಳುತ್ತದೆ. ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಇಷ್ಟಾದರೂ ಗೊತ್ತಿರಬೇಕಿತ್ತು. ಮಸೂರ ಹಿಡಿದು ಅದನ್ನೊಂದು ಬಿಂದುವಿಗೆ ಇಳಿಸಿದರೆ, ಕಣ್ಣಿಗೆ ಕಾಣದ ಕಣವನ್ನೂ ಚಿಮಟದ ಹಾಗೆ ಹಿಡಿದು ನಿಲ್ಲಿಸುತ್ತದೆ. ಗಚ್ಚಿಬೌಲಿ ಕಡೆಯ ಒಂದು ಪ್ರಯೋಗಾಲಯದಲ್ಲಿ ಆ ಚಿಮಟವನ್ನು ಹದಕ್ಕೆ ತರುತ್ತಿದ್ದವರು ಕಲ್ಯಾಣಪ್ಪ. ಓದು ಹತ್ತನೇ ಇಯತ್ತೆ, ಹುದ್ದೆ ಅಟೆಂಡರ್, ಕೈ ಮಾತ್ರ ಅಕ್ಕಸಾಲಿಗನದು.

೧೯೯೮ರ ಬೇಸಿಗೆಯಲ್ಲಿ ದಿಲ್ಲಿಯಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಹಿಡಿದು ತೋರಿಸಬೇಕಾದ, ಸಾಸಿವೆಗಿಂತ ಸಾವಿರ ಪಟ್ಟು ಸಣ್ಣ ಗಾಜಿನ ಮಣಿಗಳು ಅಮೆರಿಕದಿಂದ ಹೊರಟು ದಾರಿಯಲ್ಲೆಲ್ಲೋ ಕೂತಿದ್ದವು.

"ಏನರೆ ಮಾಡ್ರಿ ಕಲ್ಯಾಣಪ್ಪ," ಎಂದರು ಪ್ರೊಫೆಸರ್ ಜಯತೀರ್ಥ. "ಒಂದು ಕಣ ನಿಂತರ ಸಾಕು, ಪ್ರಬಂಧದಾಗ ನಿಮ್ಮ ಹೆಸರು ಹಾಕ್ತೀನಿ."

ಆರು ವರ್ಷದಿಂದ ಕಲ್ಯಾಣಪ್ಪನವರು ಆಸೆಪಟ್ಟಿದ್ದು ಅದೊಂದಕ್ಕೇ, ಅಚ್ಚಿನಲ್ಲಿ ತಮ್ಮ ಹೆಸರು.

ಹುದುಗು ಬರಿಸುವ ಜೀವಿಯೂ ಗುಂಡಗಿರುತ್ತದೆ, ಬೆಳಕಿಗೆ ಸಿಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮೊದಲು ಮನೆಯ ದೋಸೆ ಹಿಟ್ಟು ಒಯ್ದರು. ಅದರ ತುಂಬ ಅಕ್ಕಿ, ಉದ್ದಿನ ಕಸ; ಹುದುಗಿದ ಸೇಂದಿಯಲ್ಲಾದರೆ ಆ ಕಸವಿಲ್ಲ. ಕಡೆಗೆ, ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಊಟದ ಡಬ್ಬಿ, ಜನ್ಮದಲ್ಲಿ ಮೊದಲ ಸಲ ಸೇಂದಿ ಅಂಗಡಿಯ ಸಾಲಿನಲ್ಲಿ ನಿಂತರು. ಓಣಿಯ ಪ್ರಫುಲ್ಲಾಬಾಯಿ ನೋಡಿಬಿಟ್ಟರು. ಕಲ್ಯಾಣಪ್ಪನವರಿಗಿಂತ ಮೊದಲೇ ಸುದ್ದಿ ಮನೆ ಮುಟ್ಟಿತ್ತು.

"ಯಾರಿಗೆ ಒಯ್ಯಾಕತ್ತೀರಿ ಇದನ್ನ?" ಎಂದಳು ಹೆಂಡತಿ ಶಿವದೇವಿ.

"ಬೆಳಕಿಗೆ."

"ಹಂಗಾರ ಬೆಳಕಿಗೂ ಚಟಾ ಹತ್ತೇತಿ ಅನ್ರಿ. ಡಬ್ಬಿ ಅಡಗಿ ಮನಿಗೆ ತರಬ್ಯಾಡ್ರಿ, ಬಚ್ಚಲದಾಗ ಇಡ್ರಿ."

ಮರುದಿನ, ಸಮಿತಿ ಬರುವ ಮುನ್ನ, ಸೇಂದಿಯನ್ನು ಸೋಸಿ, ನೀರು ಬೆರೆಸಿ, ಒಂದೇ ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟರು. ಸಮಿತಿಯ ಕಣ್ಣೆದುರು, ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಟಿವಿ ಪರದೆಯಲ್ಲಿ ಗುಂಡನೆಯ ಕಣವೊಂದು ತೇಲುತ್ತ ಬಂದು ಬೆಳಕಿಗೆ ಸಿಕ್ಕಿಕೊಂಡಿತು. ಕಲ್ಯಾಣಪ್ಪ ತಿರುಪು ತಿರುವಿದತ್ತ ಸಾಕಿದ ಕುರಿಯಂತೆ ಬಂತು. ಸಮಿತಿ ಚಪ್ಪಾಳೆ ತಟ್ಟಿತು. ಒಬ್ಬರು ಮಾತ್ರ ಮೂಗರಳಿಸಿ, "ಏನೋ ಹುಳಿ ವಾಸನೆ," ಎಂದರು.

"ಕೆಮಿಕಲ್ಲು," ಎಂದರು ಪ್ರೊಫೆಸರು.

ಪ್ರಬಂಧ ಅಚ್ಚಾಯಿತು. ಆ ಹೊತ್ತಿಗೂ ಬಾರದ ಮಣಿಗಳ ಕಂಪನಿಗೆ ಕೃತಜ್ಞತೆ, ಸಮಿತಿಗೆ ಕೃತಜ್ಞತೆ, ಪ್ರೊಫೆಸರರ ಪತ್ನಿಯ ತಾಳ್ಮೆಗೂ ಕೃತಜ್ಞತೆ. ಕಲ್ಯಾಣಪ್ಪ ಬೆರಳಿಟ್ಟು ಸಾಲು ಸಾಲೂ ಹುಡುಕಿದರು.

"ಸರ, ನನ್ನ ಹೆಸರು?"

"ನಿಮ್ಮ ಹೆಸರು ಬರದರ ಸೇಂದೀನೂ ಬರೀಬೇಕಾಗ್ತದರಿ. ಮಾನ ಹೋಗ್ತದ."

"ಸೇಂದಿ ಅಂಗಡಿ ಮುಂದ ನಿಂತಾಗ ಹೋದದ್ದು ಯಾರ ಮಾನರೀ?"

ಪ್ರೊಫೆಸರರಿಗೆ ತಟ್ಟನೆ ಒಂದು ಮೀಟಿಂಗು ನೆನಪಾಯಿತು.

ಆ ಪ್ರಬಂಧ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲೂ ಇದ್ದೀತು. ಹೋಗಿ, ಪುಟ ತೆರೆಯಿರಿ. ಲೇಖಕರ ಸಾಲಿನಲ್ಲಿ, ಅಳಿಸಲಾಗದ ಶಾಯಿಯಲ್ಲಿ, ದಪ್ಪಗೆ ಬರೆಯಿರಿ: ಕಲ್ಯಾಣಪ್ಪ.