ದ್ವಾರಕನಾಥರು ಸುರಂಗಕ್ಕಿಳಿದದ್ದು

ಹ್ಯಾಂಬರ್ಗ್‌ನಲ್ಲಿ ನಲವತ್ತೊಂದು ವರ್ಷ ಕಳೆದ ದ್ವಾರಕನಾಥರಿಗೆ ಎಲ್ಬೆ ನದಿಯ ಬಗ್ಗೆ ಗೊತ್ತಿಲ್ಲದ್ದು ಕಡಿಮೆ. ಅವರು ಹೂಳಿನ ಎಂಜಿನಿಯರು. ಸಮುದ್ರದ ಉಬ್ಬರ ಬಂದಾಗ ನದಿ ಎಷ್ಟು ಹೂಳು ಹೊತ್ತು ತರುತ್ತದೆ, ಅದನ್ನು ಎಲ್ಲಿ ಬಿಟ್ಟುಹೋಗುತ್ತದೆ, ಹಡಗು ತಳ ತಾಗದಂತೆ ಯಾವ ತಿಂಗಳಲ್ಲಿ ಎಲ್ಲಿ ಅಗೆಯಬೇಕು ಎಂದು ಅಳೆದು ಹೇಳುವುದೇ ಅವರ ಇಡೀ ನೌಕರಿ. ನಿವೃತ್ತರಾಗಿ ಎರಡು ವರ್ಷವಾಗಿದ್ದರೂ ಬೆಳಗಿನ ಕಾಫಿಗೆ ಮೊದಲು ಆ ದಿನದ ಉಬ್ಬರದ ಹೊತ್ತನ್ನು ನೋಡುವ ಅಭ್ಯಾಸ ಹಾಗೇ ಉಳಿದಿತ್ತು.

ಅವರದೊಂದು ವಿಚಿತ್ರ ಹಟವಿತ್ತು. ನೆಲದಡಿ ಓಡುವ ರೈಲನ್ನು ಅವರು ಹತ್ತುತ್ತಿರಲಿಲ್ಲ. ಇಪ್ಪತ್ತು ನಿಮಿಷದ ದಾರಿಗೆ ಎರಡು ಬಸ್ಸು ಬದಲಾಯಿಸಿ ಒಂದು ಗಂಟೆ ಸುತ್ತುತ್ತಿದ್ದರು. ಯಾರಾದರೂ ಕೇಳಿದರೆ, "ಕಿಟಕಿಯಲ್ಲಿ ಏನಾದ್ರೂ ಕಾಣಬೇಕಪ್ಪ. ಕತ್ತಲೆ ನೋಡೋಕೆ ಟಿಕೆಟ್ ಯಾಕೆ ತಗೋಬೇಕು?" ಎನ್ನುತ್ತಿದ್ದರು. ಕಚೇರಿಯವರೆಲ್ಲ ಇದನ್ನು ನಂಬಿದ್ದರು. ಅವರ ಹೆಂಡತಿ, ಮಕ್ಕಳ ಡಾಕ್ಟರಾಗಿದ್ದ ಶಾಮಲಾ ಕೂಡ ನಂಬಿದ್ದರು.

ಹೋದ ಜುಲೈನಲ್ಲಿ ದ್ವಾರಕನಾಥರ ಅಕ್ಕನ ಮಗ ಯಶವಂತ್ ಮೈಸೂರಿನಿಂದ ಹೆಂಡತಿ ಕೀರ್ತಿಯನ್ನೂ ಒಂಬತ್ತು ವರ್ಷದ ಮಗಳು ಸೃಷ್ಟಿಯನ್ನೂ ಕರೆದುಕೊಂಡು ಬಂದ. ಹತ್ತು ದಿನದ ಪ್ರವಾಸ. ಯಶವಂತನ ಫೋನಿನಲ್ಲಿ ದಿನಕ್ಕೆ ಆರು ಜಾಗದಂತೆ ಪಟ್ಟಿ ಸಿದ್ಧವಾಗಿತ್ತು. ಸೃಷ್ಟಿಗೆ ಆ ಪಟ್ಟಿಯ ಮೇಲೆ ಅಂಥ ಮಮತೆಯೇನೂ ಇರಲಿಲ್ಲ. ಬಂದ ಮೊದಲ ಸಂಜೆ ಅವಳು ಗೋಡೆಯ ಮೇಲಿದ್ದ ಊರಿನ ನಕ್ಷೆಯ ಮುಂದೆ ನಿಂತು ನದಿಯ ಮೇಲೆ ಬೆರಳಿಟ್ಟಳು.

"ತಾತ, ನೀರಿನ ಮಧ್ಯೆ ಈ ಡಾಟ್ ಡಾಟ್ ಲೈನ್ ಏನು?"

"ಅದು ಹಳೇ ಸುರಂಗ. ನೂರು ವರ್ಷಕ್ಕೂ ಹಿಂದಿಂದು. ಜನ ನದಿ ಕೆಳಗೆ ನಡ್ಕೊಂಡು ಆಚೆ ಹೋಗ್ತಾರೆ."

"ನದಿ ಕೆಳಗಾ! ನೀವು ಎಷ್ಟು ಸಲ ಹೋಗಿದೀರ?"

ದ್ವಾರಕನಾಥರು ಊಟಕ್ಕೆ ತಟ್ಟೆ ಇಡುವ ನೆಪದಲ್ಲಿ ಅಡುಗೆಮನೆಗೆ ನಡೆದರು.

ಮೂರನೆಯ ದಿನ ಎಲ್ಲರೂ ದೋಣಿಯಲ್ಲಿ ಹಡಗಿನ ಬಂದರನ್ನು ಸುತ್ತಿ ದಡಕ್ಕೆ ಬರುವಷ್ಟರಲ್ಲಿ ಮಳೆ ಹಿಡಿದುಕೊಂಡಿತ್ತು. ಕೀರ್ತಿಯ ಹೊಸ ಶೂ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಕಾಫಿ ಅಂಗಡಿಯೊಂದರಲ್ಲಿ ಎಲ್ಲರೂ ಕುಸಿದು ಕೂತರು. ಸೃಷ್ಟಿ ಮಾತ್ರ ಕಿಟಕಿಗೆ ಮೂಗು ಒತ್ತಿ ನಿಂತಳು. ಎದುರಿಗೇ ಸುರಂಗದ ಬಾಗಿಲಿನ ಹಸಿರು ಗುಮ್ಮಟ ಕಾಣುತ್ತಿತ್ತು.

"ಅಪ್ಪ, ಟನಲ್!"

"ನಾಳೆ ನೋಡೋಣ ಪುಟ್ಟಿ. ಅಮ್ಮನಿಗೆ ನಡೆಯೋಕಾಗ್ತಿಲ್ಲ."

"ನಾಳೆ ಲಿಸ್ಟಲ್ಲಿ ಬೇರೆ ಇದೆ."

ಅದು ನಿಜವಾಗಿತ್ತು. ಯಶವಂತ್ ದ್ವಾರಕನಾಥರ ಕಡೆ ತಿರುಗಿದ. "ಮಾವ, ನೀವು ಒಂದು ರೌಂಡ್ ಕರ್ಕೊಂಡು ಹೋಗಿ ಬರ್ತೀರಾ? ನಿಮ್ಮ ನದಿ ತಾನೆ."

ಮಂಡಿನೋವಿನ ಶಾಮಲಾ ಮೇಜಿಗೆ ಕೈಯೂರಿ ಏಳಲು ನೋಡಿದರು. "ಅವರಿಗೆ ಅದೆಲ್ಲ ಇಷ್ಟ ಆಗಲ್ಲ. ನಡಿ ಕಂದ, ನಾನು ಬರ್ತೀನಿ."

ಆ ಮಂಡಿಯಲ್ಲಿ ಹೋಗಿಬರಲು ಒಂದು ಕಿಲೋಮೀಟರಿನಷ್ಟು ನಡಿಗೆ! ದ್ವಾರಕನಾಥರು ಕೊಡೆ ತೆಗೆದುಕೊಂಡು ಎದ್ದರು. "ನೀನು ಕೂತ್ಕೋ. ನಾನೇ ಹೋಗ್ತೀನಿ," ಎಂದರು.

ಲಿಫ್ಟಿನ ಮರದ ಬಾಗಿಲು ಮುಚ್ಚಿಕೊಳ್ಳುವುದನ್ನು ಕಂಡು, ಮೆಟ್ಟಿಲಲ್ಲೇ ಇಳಿಯೋಣ ಎಂದರು. ಬಾವಿಯ ಗೋಡೆಯಂತೆ ದುಂಡಗಿನ ಗೋಡೆ, ಅದರ ಸುತ್ತ ಕೆಳಗೆ, ಇನ್ನೂ ಕೆಳಗೆ ಇಳಿಯುವ ಮೆಟ್ಟಿಲು. ಸೃಷ್ಟಿ ಜೋರಾಗಿ ಎಣಿಸುತ್ತ ಇಳಿದಳು. ದ್ವಾರಕನಾಥರು ಮೇಲಿನ ಗಾಜಿನ ಬೆಳಕನ್ನು ಮೂರು ಸಲ ತಿರುಗಿ ನೋಡಿದರು. ತಳ ಮುಟ್ಟಿದಾಗ ಎದುರಿಗೆ ಬಿಳಿ ಹೆಂಚಿನ ಕೊಳವೆಯಂಥ ದಾರಿ, ದೀಪದ ಸಾಲು, ತುದಿ ಎಂಬುದು ಒಂದು ಚುಕ್ಕೆ.

"ತಾತ, ನಿಮ್ಮ ಕೈ ಬೆವರ್ತಿದೆ."

"ಮೆಟ್ಟಿಲು ಇಳಿದ್ವಲ್ಲ ಮರಿ."

"ಹತ್ತಿದ್ರೆ ಬೆವರೋದು. ಇಳಿದ್ರೆ ಬೆವರಲ್ಲ."

ಗೋಡೆಯ ಮೇಲೆ ಅಲ್ಲಲ್ಲಿ ಮಣ್ಣಿನ ಉಬ್ಬುಚಿತ್ರಗಳಿದ್ದವು: ಮೀನು, ಏಡಿ, ಒಂದು ಹಳೇ ಬೂಟಿನ ಸುತ್ತ ಇಲಿಗಳು. ಬೂಟಿನ ಚಿತ್ರದ ಹತ್ತಿರ ಬರುವಷ್ಟರಲ್ಲಿ ದ್ವಾರಕನಾಥರ ಕಾಲು ನಿಂತಿತು. ಮುಂದೆ ಹೋಗು ಎಂದರೂ ಹೋಗಲಿಲ್ಲ, ಹಿಂದೆ ತಿರುಗು ಎಂದರೂ ತಿರುಗಲಿಲ್ಲ. ಗಂಟೆ ಬಾರಿಸುತ್ತ ಒಬ್ಬ ಸೈಕಲ್ಲಿನವನು ಪಕ್ಕದಲ್ಲೇ ಹಾದುಹೋದ. ಅವರು ಗೋಡೆಗೆ ಒರಗಿಕೊಂಡರು.

ಸೃಷ್ಟಿ ಅವರ ಮುಖವನ್ನೇ ನೋಡಿದಳು. "ನಿಮಗೆ ಭಯ ಆಗ್ತಿದ್ಯಾ?"

ಅರುವತ್ತೇಳು ವರ್ಷದ ಮನುಷ್ಯ ಒಂಬತ್ತರ ಹುಡುಗಿಗೆ ಸುಳ್ಳು ಹೇಳಬಹುದಿತ್ತು. ಆದರೆ ಆ ಹೊತ್ತಿಗೆ ಹೊಳೆದ ಸುಳ್ಳು ಕಿಟಕಿಯದೊಂದೇ, ಅಲ್ಲಿ ಅದು ನಡೆಯುವಂತಿರಲಿಲ್ಲ. "ಹೌದು ಪುಟ್ಟಿ," ಎಂದರು.

"ನಂಗೂ ಡೆಂಟಿಸ್ಟ್ ಹತ್ರ ಆಗತ್ತೆ," ಎಂದಳು ಅವಳು, ತೀರ ಸಹಜವಾಗಿ. "ನಿಮಗೆ ಯಾಕೆ?"

ದ್ವಾರಕನಾಥರು ಹೇಳಿದರು. ಪಾವಗಡದಲ್ಲಿ ಅವರಿಗೆ ಹತ್ತು ವರ್ಷವಾಗಿದ್ದಾಗ ಮನೆಯ ಬಾವಿಯ ಹೂಳು ತೆಗೆಸುತ್ತಿದ್ದರು. ನೋಡುವ ಆಸೆಗೆ ಹುಡುಗ ಹಗ್ಗ ಹಿಡಿದು ತಳಕ್ಕಿಳಿದಿದ್ದ. ಒಂದು ಕಡೆಯ ಕಟ್ಟು ಕುಸಿಯಿತು. ಎದೆಮಟ್ಟ ಕೆಸರು. ಮೇಲಿನವರು ಹಲಗೆ, ಹಗ್ಗ ಹೊಂದಿಸಿ ಎತ್ತುವಷ್ಟರಲ್ಲಿ ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಹೂಳೆತ್ತುವ ಆಳು ಬಸವ ಪಕ್ಕದಲ್ಲೇ ನಿಂತು ಬರಿಗೈಯಲ್ಲಿ ಕೆಸರು ಬಾಚುತ್ತಿದ್ದ. ಅವನೊಬ್ಬ ಹಗ್ಗ ಹಿಡಿದು ಹತ್ತಿಬಿಡಬಹುದಿತ್ತು, ಹತ್ತಲಿಲ್ಲ. ಆಮೇಲೆ, ಅಮ್ಮ ಹೆದರುತ್ತಾಳೆಂದು, ಈ ಮಾತನ್ನು ಮನೆಯಲ್ಲಿ ಎತ್ತಬಾರದೆಂದು ಅಪ್ಪ ಕಟ್ಟುಮಾಡಿದ್ದರು. ಮಾತು ಅಲ್ಲಿಗೇ ಹೂತುಹೋಗಿತ್ತು.

ಸೃಷ್ಟಿ ತಲೆಯೆತ್ತಿ ಮೇಲಿನ ಕಮಾನು ನೋಡಿದಳು. "ಈಗ ನಮ್ಮ ತಲೆ ಮೇಲೆ ಏನಿದೆ?"

"ಈಗಲಾ?" ದ್ವಾರಕನಾಥರು ಕೈಗಡಿಯಾರ ನೋಡಿಕೊಂಡರು. "ಈಗ ಉಬ್ಬರ ಶುರುವಾಗಿ ಎರಡು ಗಂಟೆ. ಸಮುದ್ರ ನೂರು ಕಿಲೋಮೀಟರಿಗೂ ದೂರ ಇದೆ, ಆದರೂ ನದಿ ಈಗ ಹಿಂದಕ್ಕೆ ಹರೀತಿದೆ."

"ಹಿಂದಕ್ಕಾ? ನದಿ ಹೇಗೆ ಹಿಂದಕ್ಕೆ ಹರಿಯತ್ತೆ?"

ಅದನ್ನು ಹೇಳಲು ಹೊರಟವರು ಗೋಡೆ ಬಿಟ್ಟು ನೆಟ್ಟಗೆ ನಿಂತರು. ಹೇಳುತ್ತ ಹೇಳುತ್ತ ಒಂದು ಹೆಜ್ಜೆ ಇಟ್ಟರು. ಹೂಳು ಹೇಗೆ ಹಿಟ್ಟಿನಷ್ಟು ನುಣ್ಣಗಿರುತ್ತದೆ, ಬೆರಳಿಗೆ ಹತ್ತಿದರೆ ರೇಷ್ಮೆಯಂತಿರುತ್ತದೆ, ದೊಡ್ಡ ಹಡಗುಗಳು ನೀರು ಏರುವ ತನಕ ಹೇಗೆ ಕಾಯುತ್ತವೆ. ಅವಳು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಭಯ ಹೋಗಿರಲಿಲ್ಲ, ಬೆನ್ನ ಹಿಂದೆಯೇ ಬರುತ್ತಿತ್ತು. ಆದರೆ ಉತ್ತರ ಕೊಡುವ ಕೆಲಸ ಮುಂದಿತ್ತು.

ಆಚೆ ದಡದಲ್ಲಿ ಮೇಲೆ ಬಂದಾಗ ಮಳೆ ಹನಿಯುತ್ತಿತ್ತು. ಕೆಲವು ಗೋದಾಮು, ಒಂದು ರಸ್ತೆ, ನೀರಿನಾಚೆ ಊರಿನ ಗೋಪುರಗಳ ಸಾಲು.

"ಈ ಕಡೆ ಏನೂ ಇಲ್ವಲ್ಲ ತಾತ!" ಎಂದು ಸೃಷ್ಟಿ ರೇಗಿದಳು.

ದ್ವಾರಕನಾಥರು ಕೆಮ್ಮು ಬರುವ ತನಕ ನಕ್ಕರು. ವಾಪಸ್ಸು ಬರುವುದು ಹೋಗಿದ್ದಕ್ಕಿಂತ ಕಷ್ಟವಾಯಿತು. ಎರಡು ಕಡೆ ನಿಲ್ಲಬೇಕಾಯಿತು. ಸೃಷ್ಟಿ ಕೈ ಬಿಡಲಿಲ್ಲ, ಅವಸರವನ್ನೂ ಮಾಡಲಿಲ್ಲ.

ಯಾರಿಗೂ ಹೇಳಬೇಡ ಎಂದು ಅವರು ಅವಳಿಗೆ ಹೇಳಿರಲಿಲ್ಲ. ಸಾಯಂಕಾಲ ಚಪಾತಿ ಹರಿಯುತ್ತ ಅವಳು, "ಅಜ್ಜಿ, ತಾತ ಚಿಕ್ಕೋರಿದ್ದಾಗ ಬಾವಿ ಕೆಸರಲ್ಲಿ ಸಿಕ್ಕಾಕ್ಕೊಂಡಿದ್ರಂತೆ. ಎರಡು ಗಂಟೆ! ಬಸವ ಅನ್ನೋರು ಬಿಟ್ಟು ಹೋಗದೆ ಜೊತೇಲೇ ನಿಂತಿದ್ರಂತೆ," ಎಂದಳು. ಯಶವಂತ್ ನಕ್ಕು, ಮಾವನ ಮುಖ ಕಂಡು ಪಲ್ಯದ ಬಟ್ಟಲನ್ನು ಅವರ ಕಡೆ ಸರಿಸಿದ.

ಉಳಿದವರೆಲ್ಲ ಎದ್ದ ಮೇಲೆ ಶಾಮಲಾ ಪಾತ್ರೆ ಒರೆಸುತ್ತ ಹೇಳಿದರು: "ಅವರಿವರ ಮಕ್ಕಳ ಭಯ ಕೇಳ್ತಾ ಮೂವತ್ತು ವರ್ಷ ಕೂತಿದ್ದೆ ರೀ. ಮನೇಲಿರೋ ನಿಮ್ಮನ್ನ ಒಂದು ಮಾತು ಕೇಳಲಿಲ್ಲ."

"ಕೇಳಿದ್ರೂ ನಾನು ಹೇಳ್ತಿರಲಿಲ್ಲ ಬಿಡು."

"ಆ ಬಸವ ಆಮೇಲೆ ಏನಾದ?"

ದ್ವಾರಕನಾಥರಿಗೆ ಗೊತ್ತಿರಲಿಲ್ಲ. ಅದಾದ ಮರುವರ್ಷವೇ ಓದಲು ತುಮಕೂರಿಗೆ ಹೋದವರು ಒಮ್ಮೆಯೂ ವಿಚಾರಿಸಿರಲಿಲ್ಲ.

ಮರುದಿನ ಪಾವಗಡದಲ್ಲಿ ಔಷಧದ ಅಂಗಡಿ ಇಟ್ಟಿರುವ ಚಿಕ್ಕಪ್ಪನ ಮಗ ಸುನಿಲಕುಮಾರನಿಗೆ ಫೋನ್ ಮಾಡಿದರು. ಬಸವ ಇದ್ದಾನೆ, ಎಂಬತ್ತರ ಹತ್ತಿರ, ತಿಂಗಳಿಗೊಮ್ಮೆ ಬಿ.ಪಿ. ಮಾತ್ರೆಗೆ ತನ್ನ ಅಂಗಡಿಗೇ ಬರುತ್ತಾನೆ ಎಂದು ಅವನು ಹೇಳಿದ. ನಾಲ್ಕು ದಿನದ ಮೇಲೆ ಅವನೇ ಫೋನ್ ಮಾಡಿ ಬಸವನ ಕೈಗೆ ಕೊಟ್ಟ.

"ಯಾರು? ಬಾವಿ ಹುಡ್ಗನಾ?" ಎಂದಿತು ಮುದಿ ದನಿ. "ಚೆಂದಾಗಿದೀರಾ ಸ್ವಾಮಿ? ಆ ಬಾವಿ ಈಗಿಲ್ಲ. ಮುಚ್ಚಿ ಅದ್ರ ಮ್ಯಾಲೆ ಅಂಗ್ಡಿ ಕಟ್ಟವ್ರೆ."

ದ್ವಾರಕನಾಥರಿಗೆ ಹಳೆಯ ಏಕವಚನ ಬಾಯಿಗೆ ಬರಲಿಲ್ಲ. "ಅವತ್ತು ನೀವು ಮೇಲೆ ಹತ್ತಿಬಿಡಬಹುದಿತ್ತು. ಯಾಕೆ ಹತ್ತಲಿಲ್ಲ?"

"ಯಂಗೆ ಹತ್ತಾದು ಸ್ವಾಮಿ?" ಬಸವ ನಕ್ಕ. "ನನ್ಗೂ ಜೀವ ಬಾಯಿಗೆ ಬಂದಿತ್ತು. ಹತ್ತಬೇಕು ಅಂತ ನೋಡ್ದೆ. ನೀವು ನನ್ ಸೊಂಟದ ದಾರ ಹಿಡ್ಕೊಂಡ್ಬಿಟ್ಟಿದ್ರಿ. ಬಿಡಿಸಿದ್ರೂ ಬಿಡ್ಲಿಲ್ಲ."

ದ್ವಾರಕನಾಥರು ಆ ದಾರವನ್ನು ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಮನೆಗೇ ಬಂದು ಕಾಣುತ್ತೇನೆ ಎಂದರು. "ಬನ್ನಿ, ಬನ್ನಿ. ಮುದ್ದೆ ಉಣ್ತೀರಾ, ಇಲ್ಲಾ ಆ ದೇಸಕ್ಕೋಗಿ ಬಿಟ್ಬುಟ್ರಾ?" ಎಂದು ಬಸವ ಕೇಳಿದ.

"ಉಣ್ತೀನಿ," ಎಂದರು ದ್ವಾರಕನಾಥರು.