ಬೀಗ ಹಾಕಿದ ಮನೆಯಲ್ಲಿ ಅಣ್ಣನ ಜೋಡಿ ನಕ್ಷತ್ರ

ನಮ್ಮ ಅಣ್ಣ ಶ್ರೀಪಾದ ನಕ್ಷತ್ರಗಳ ಗುಟ್ಟು ಕೆದಕಲು ಹೋದ, ನಕ್ಷತ್ರವೇ ಅವನನ್ನು ತಿಂದಿತು ಎಂದು ಚಿತ್ತಾಪುರದಲ್ಲಿ ಇಂದಿಗೂ ಹೇಳುತ್ತಾರೆ. ಸುಳ್ಳು. ಅವನನ್ನು ಕೊಂದದ್ದು ೨೦೦೪ರ ಬೇಸಿಗೆಯಲ್ಲಿ ವಾಡಿ ರಸ್ತೆಯ ಒಂದು ಲಾರಿ.

ಅಣ್ಣನ ಸಂಶೋಧನೆ ಒಂದು ಜೋಡಿ ನಕ್ಷತ್ರದ ಮೇಲೆ. ದೊಡ್ಡದೊಂದನ್ನು ಕಣ್ಣಿಗೆ ಕಾಣದ ಪುಟ್ಟ ಸಂಗಾತಿ ಸುತ್ತುತ್ತದೆ. ಅಲ್ಲಿಂದ ಗಾಮಾ ಕಿರಣ, ಎಕ್ಸ್‌-ರೇ ಹೊರಡುತ್ತವೆ. ಒಂದು ಸುತ್ತಿಗೆ ಕೆಲವೇ ವಾರ ಸಾಕು. ಆದರೆ ಎಕ್ಸ್‌-ರೇ ಮಾತ್ರ ವರ್ಷಗಟ್ಟಲೆ ನಿಧಾನವಾಗಿ ಏರಿ ಇಳಿಯುತ್ತದೆ ಎಂಬುದು ಅವನ ಗುಮಾನಿ. ಒಮ್ಮೆ ಏರಿದ್ದು ಕಂಡಿತ್ತು. ಇನ್ನೊಮ್ಮೆ ಏರಿದರಷ್ಟೇ ಅದಕ್ಕೆ ಬೆಲೆ. ಅವನೂ ಅವನ ಹೆಂಡತಿ, ನಮ್ಮ ವೈನಿಯೂ ಉಪಗ್ರಹದ ಅಳತೆಗಳನ್ನು ಮನೆಯ ಕಂಪ್ಯೂಟರಿನಲ್ಲಿ ಜರಡಿ ಹಿಡಿಯುತ್ತಿದ್ದರು. ಆ ಲೆಕ್ಕಕ್ಕೆ ಬೇರೆಲ್ಲೂ ಪ್ರತಿ ಇರಲಿಲ್ಲ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತಿದ್ದವನು. "ಒಮ್ಮೆ ಕಂಡದ್ದು ಸಾಕಾಗಲ್ಲೇನು?" ಎಂದರೆ ಅಣ್ಣ ನಗುತ್ತಿದ್ದ. "ಏನು ವಕೀಲಸಾಬ, ಒಂದೇ ಸಾಕ್ಷಿ ಮ್ಯಾಲ ಫಾಸಿ ಕೊಡತೀಯೇನು?"

ಡಾಕ್ಟರು ಜೀವವಿಲ್ಲ ಎಂದ ಸಂಜೆ ಧನಿಷ್ಠಾ ನಕ್ಷತ್ರ. ಅದರಲ್ಲಿ ಸಾವಾದರೆ ಆರು ತಿಂಗಳು ಮನೆ ಬಿಡಬೇಕು ಎಂದರು ಗುಡಿಯ ಪೂಜೆ ಮಾಡುವ ಕಾಕಾ.

"ಕಂಪ್ಯೂಟರ್ ಒಂದು ತಗೋತೀನ್ರಿ ಕಾಕಾ," ವೈನಿ ಅಂಗಲಾಚಿದರು.

"ಅವ ಮುಟ್ಟಿದ್ದು ಯಾವುದೂ ಹೊರಗ ಬರಬಾರದವ್ವಾ."

ನಾನು ಬಾಯಿ ತೆರೆದೆ. "ಹೆಣ ಇನ್ನೂ ಅಂಗಳದಾಗ ಅದ. ನಿನ್ನ ವಾದ ಸ್ಟೇಜಿನ ಮ್ಯಾಲ ಮಾಡು," ಎಂದುಬಿಟ್ಟರು ಕಾಕಾ. ಅಂದೇ ಮನೆಗೆ ಬೀಗ ಬಿತ್ತು, ಕಂಪ್ಯೂಟರ್ ಒಳಗೇ ಉಳಿಯಿತು.

ನಮ್ಮದು ಶಹಾಬಾದ ಫರಸಿಯ ಚಾವಣಿ. ಪ್ರತಿ ವರ್ಷ ಮಳೆಗೆ ಮುಂಚೆ ಕಲ್ಲಿನ ಸಂದುಗಳಿಗೆ ಸಿಮೆಂಟು ಮೆತ್ತಬೇಕು. ಆ ವರ್ಷ ದೋಷದ ಮನೆಯೆಂದು ಮೇಲೇರಲು ಯಾವ ಆಳೂ ಒಪ್ಪಲಿಲ್ಲ. ನಾನು ಏಣಿ ಹಚ್ಚಿದರೆ ಅಮ್ಮ ಕಾಲು ಹಿಡಿದಳು. ಮಗನನ್ನು ಕಳೆದುಕೊಂಡವಳ ಮುಂದೆ ಯಾವ ವಾದ?

ಬೀಗ ತೆಗೆದ ದಿನ ಕಂಪ್ಯೂಟರಿನಿಂದ ತುಕ್ಕಿನ ನೀರು ಸೋರಿತು. ವೈನಿ ಅಳಲಿಲ್ಲ, ಸೆರಗಿನಿಂದ ಅದನ್ನು ಒರೆಸುತ್ತಲೇ ಕುಳಿತರು. ಅಣ್ಣನನ್ನು ರಸ್ತೆಯಿಂದ ಎತ್ತಿದ್ದ ವಾಡಿಯ ಟಂಟಂ ಆಟೋ ಡ್ರೈವರ್ ಅವರನ್ನು ಮಾತನಾಡಿಸಲು ಬಂದಿದ್ದ. "ನನ್ನ ತೊಡಿ ಮ್ಯಾಲೇ ಜೀವ ಹೋಯ್ತ್ರಿ ಅಕ್ಕಾರ. ಮಟಮಟ ಮಧ್ಯಾಹ್ನ. ದವಾಖಾನಿಗಿ ಡಾಕ್ಟರ್ ಬರೋತನ ಸಂಜಿ ಆಯ್ತು," ಎಂದ.

ಕಾಕಾ ಅವರ ಪಂಚಾಂಗವನ್ನೇ ಬಿಡಿಸಿದೆ. ಅಂದು ಮಧ್ಯಾಹ್ನ ಶ್ರವಣ. ಧನಿಷ್ಠಾ ಹಿಡಿದದ್ದು ಇಳಿಹೊತ್ತಿಗೆ. ಶ್ರವಣಕ್ಕೆ ಮನೆ ಬಿಡುವ ಕಟ್ಟಳೆಯೇ ಇಲ್ಲ.

ವಾದ ಗೆದ್ದಿದ್ದೆ. ಇಷ್ಟು ಕಹಿಯಾದ ಗೆಲುವು ನನಗೆ ಮತ್ತೆಂದೂ ಸಿಕ್ಕಿಲ್ಲ. ಆ ನಕ್ಷತ್ರ ಎರಡನೆಯ ಸಲ ಏರಿತೋ ಇಲ್ಲವೋ, ವೈನಿಗೆ ತಿಳಿಯಲೇ ಇಲ್ಲ. ಮನೆ ಮರಳಿ ಹೊಗಲು ಮಾಡಿದ ಶಾಂತಿಹೋಮದ ಮುಂದೆ ಕುಳಿತಿದ್ದ ಕಾಕಾ ಅವರನ್ನು ಅಂದು ಕೇಳಿದ್ದನ್ನೇ ಇಂದೂ ಕೇಳುತ್ತೇನೆ:

"ಕಾಕಾ, ಅಣ್ಣನ ಜೀವ ಯಾವಾಗ ಹೋಯ್ತು ಅಂತ ಬೀಗ ಹಾಕೋ ಮುಂಚೆ ಯಾರನ್ನರ ಕೇಳಿದ್ರೇನು?"