ಯಾವೂರು, ಯಾರ ಮಕ್ಕಳು

ಸೋಮವಾರ ಹೊಸದುರ್ಗ, ಮಂಗಳವಾರ ಹೊಳಲ್ಕೆರೆ, ಗುರುವಾರ ಹಿರಿಯೂರು, ಉಳಿದ ದಿನ ಚಿತ್ರದುರ್ಗ. ಬಿಸ್ಕತ್ ಏಜೆನ್ಸಿಯಲ್ಲಿ ನನ್ನ ಲೈನ್ ಇದು. ಅಂಗಡಿಗಳಿಗೆ ಹೋಗಿ ಯಾವ ಪ್ಯಾಕು ಎಷ್ಟು ಉಳಿದಿದೆ ಎಂದು ನೋಡಿ ಆರ್ಡರ್ ಬರೆದುಕೊಳ್ಳಬೇಕು. ಮನೆಗೆ ಬಂದ ಮೇಲೆ ಆ ದಿನ ಕಂಡದ್ದನ್ನು ಡೈರಿಗೆ ಇಳಿಸುವುದು ಕಾಲೇಜಿನ ದಿನಗಳ ಅಭ್ಯಾಸ. ಹಾಗೆ ಬರೆಯುತ್ತಾ ಹೋದಾಗಲೇ ಹೊಳೆದದ್ದು, ನಾಲ್ಕು ಊರಿನ ಬಸ್‌ಸ್ಟ್ಯಾಂಡುಗಳಲ್ಲಿ ಕೈ ಚಾಚುತ್ತಾ ಬರುತ್ತಿದ್ದ ಅಕ್ಕ ತಮ್ಮ ಬೇರೆ ಬೇರೆಯವರಲ್ಲ, ಎಲ್ಲ ಕಡೆಯೂ ಅವರೇ ಎಂದು. ಸಂತೆ ಯಾವೂರಲ್ಲೋ ಅವರು ಆ ಊರಲ್ಲಿ ಇರುತ್ತಿದ್ದರು. ಕಂಡಕ್ಟರುಗಳು ಹಿಂದಿನ ಸೀಟಿನ ಮೂಲೆಯಲ್ಲಿ ಕೂರಿಸಿಕೊಂಡು ಬರುತ್ತಿದ್ದರು.

ಮೊದಮೊದಲು ನಾನೂ ಎಲ್ಲರಂತೆ ಒಂದು ಪ್ಯಾಕು ಕೈಗಿಟ್ಟು ಬಸ್ ಹತ್ತುತ್ತಿದ್ದೆ. ಹೊಸದುರ್ಗದಲ್ಲಿ ಒಂದು ಸೋಮವಾರ ಹುಡುಗಿ ಪ್ಯಾಕನ್ನು ತೆಗೆದುಕೊಳ್ಳಲಿಲ್ಲ.

"ಬ್ಯಾಡ. ಕೊಟ್ರೆ ನೀನು ಹೋಗ್ಬಿಡ್ತೀಯ."

"ಕೊಡದಿದ್ರೆ?"

"ಬಸ್ ಬರೋಗಂಟ ಕುಂತ್ಕಂಡು ಮಾತಾಡ್ತೀಯ. ಇವ್ನಿಗೆ ಎಣಿಸೋಕೆ ಬರಲ್ಲ, ಕಲಿಸು."

ತಮ್ಮನಿಗೆ ಐದು ವರ್ಷವಿರಬಹುದು, ಅಕ್ಕನಿಗೆ ಹತ್ತೋ ಹನ್ನೊಂದೋ. ಅವನು ತಲೆ ಎತ್ತಿ, "ನಂಗೆ ಬರ್ತೈತೆ. ಬರದಿರೋದು ಇವ್ಳಿಗೆ," ಅಂದ. ಅಕ್ಕ ತಲೆಗೆ ಒಂದು ಮೊಟಕಿದಳು. ನಾನು ಕುಳಿತೆ. ಇಬ್ಬರಿಗೂ ಬರುತ್ತಿರಲಿಲ್ಲ.

ಆಮೇಲೆ ಅದೇ ರೂಢಿಯಾಯಿತು. ಅಂಗಡಿಯವರೆಲ್ಲ ನನಗೆ ಗೊತ್ತಿದ್ದವರೇ ಆದ್ದರಿಂದ ಒಬ್ಬೊಬ್ಬರಿಗೆ ಹೇಳುತ್ತಾ ಬಂದೆ. ಕೈಗೆ ಏನೂ ಹಾಕಬೇಡಿ, ನೀವು ಊಟಕ್ಕೆ ಕೂರುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಮಾತಾಡಿಸಿ ಎಂದು. ಕೆಲವರು ನಕ್ಕರು. ಹೊಳಲ್ಕೆರೆಯ ಟೀ ಅಂಗಡಿಯಾತ, "ಏನಪ್ಪ, ಬಿಸ್ಕತ್ ಉಳಿಸೋಕೆ ಹೊಸ ಉಪಾಯನಾ?" ಅಂದ. ಆದರೆ ಮುಂದಿನ ಮಂಗಳವಾರ ಹೋದಾಗ ಹುಡುಗ ಅವನ ಗಲ್ಲಾದ ಹಿಂದೆ ನಿದ್ದೆ ಮಾಡುತ್ತಿದ್ದ. ಹೊಸದುರ್ಗದ ಕಟಿಂಗ್ ಶಾಪಿನವರು ಹುಡುಗನ ಕೂದಲು ಕತ್ತರಿಸಿ, ಕನ್ನಡಿ ಮುಂದೆ ಬೇಕಾದಷ್ಟು ಹೊತ್ತು ಕೂರಲು ಬಿಟ್ಟರು. ಹಿರಿಯೂರಿನ ಬಸ್‌ಸ್ಟ್ಯಾಂಡಿನ ಗೇಟಿನಲ್ಲಿ ಹೂ ಮಾರುವ ಹೆಂಗಸೊಬ್ಬರಿದ್ದರು. ಎಲ್ಲರೂ ಅವರನ್ನು ಹೂವಿನವ್ವ ಅನ್ನುತ್ತಿದ್ದರು. ಹುಡುಗಿ ಬಂದಾಗಲೆಲ್ಲ ಅವರು ತಲೆ ಬಾಚಿ ಬಿಗಿಯಾಗಿ ಜಡೆ ಹಾಕುತ್ತಿದ್ದರು. "ನಿನ್ ತಲೇಲಿ ಹೇನಿನ ಸಂತೆನೇ ನೆರೆದೈತಲ್ಲೇ," ಅನ್ನುವರು. "ನೀನೂ ಅಲ್ಲೇ ಹೂ ಮಾರು," ಅನ್ನುವಳು ಹುಡುಗಿ.

ಮಕ್ಕಳ ರಕ್ಷಣೆಯ ಸರ್ಕಾರಿ ಕಚೇರಿಗೆ ಫೋನ್ ಮಾಡಿದ್ದು ನಾನೇ. ಅವರು ಬಂದರು, ಒಳ್ಳೆಯ ಮಾತಿನಲ್ಲೇ ಕೇಳಿದರು. ಆದರೆ ಹುಡುಗರನ್ನು ಇಡುವ ಮನೆ ಬೇರೆ, ಹುಡುಗಿಯರನ್ನು ಇಡುವ ಮನೆ ಬೇರೆ ಎಂದು ಗೊತ್ತಾದ ಗಳಿಗೆಯಲ್ಲಿ ಅವಳು ತಮ್ಮನನ್ನು ಎಳೆದುಕೊಂಡು ಹೊರಡುತ್ತಿದ್ದ ಬಸ್ಸಿಗೆ ಹತ್ತಿಬಿಟ್ಟಳು. ಎರಡು ವಾರ ನಮ್ಮಲ್ಲಿ ಯಾರ ಹತ್ತಿರವೂ ಬರಲಿಲ್ಲ. ಅವಳಿಗೆ ಬೇಕಾದದ್ದು ಅದೊಂದೇ, ತಮ್ಮ ಜೊತೆಯಲ್ಲಿರಬೇಕು. ಸ್ಕೂಲು, ಊಟ, ಹಾಸಿಗೆ ಎಲ್ಲ ಅದರ ನಂತರ.

ಕೊನೆಗೆ ಹೂವಿನವ್ವ, "ನನ್ ಮನೇಲೇ ಇರ್ಲಿ ಬಿಡ್ರಿ, ಇಬ್ರೂ," ಅಂದರು. ಅವರಿಗೆ ಎರಡು ಕೋಣೆಯ ಮನೆ, ಮದುವೆಯಾಗಿ ಹೋದ ಮಗಳು. ಕಚೇರಿಯವರು ಮನೆ ನೋಡಿಕೊಂಡು ಹೋದರು, ವಿಚಾರಣೆ ಮುಗಿಯುವವರೆಗೆ ಮಕ್ಕಳು ಅಲ್ಲೇ ಇರಬಹುದು ಎಂದರು. ಹತ್ತಿರದ ಸ್ಕೂಲಿನ ಮೇಡಂ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಲು ಒಪ್ಪಿದರು. ಆ ಗುರುವಾರ ಡೈರಿಯಲ್ಲಿ ಆರ್ಡರಿನ ವಿಷಯ ಒಂದಕ್ಷರವೂ ಇಲ್ಲ.

ನಮ್ಮ ಕಡೆ ಒಬ್ಬರ ಮೇಲೆ ಪ್ರೀತಿ ಬಂದರೆ ಮೊದಲು ಕೇಳುವುದು ಒಂದೇ: ಯಾವೂರು, ಯಾರ ಮಕ್ಕಳು? ಊರು, ಮನೆ, ಸೋದರಮಾವ, ಚಿಕ್ಕಪ್ಪ ಗೊತ್ತಾಗದೆ ಇದ್ದರೆ ಆ ಪ್ರೀತಿಗೆ ಸಮಾಧಾನವಿರುವುದಿಲ್ಲ. ಬುಡ ಕಾಣದ ಗಿಡಕ್ಕೆ ನೀರು ಹಾಕಿದ ಹಾಗೆ. ಹೂವಿನವ್ವ ಜಡೆ ಹಾಕುತ್ತಾ ಪ್ರತಿ ಸಲವೂ ಕೇಳಿದರು. ಹುಡುಗಿ ಪ್ರತಿ ಸಲವೂ ಏನೋ ಒಂದು ಊರು ಹೇಳಿ ತಪ್ಪಿಸಿಕೊಂಡಳು. ಮನೆಗೆ ಬಂದ ಮೇಲೆ, ಹೊಟ್ಟೆ ತುಂಬಿದ ಒಂದು ಸಂಜೆ, ನಿಜ ಹೇಳಿದಳು. ಹರಿಯಬ್ಬೆ ಹತ್ತಿರದ ಒಂದು ಹಟ್ಟಿ. ಅವ್ವ ಸತ್ತಿದ್ದಳು, ಅಪ್ಪ ಎಲ್ಲಿಗೋ ಹೋದವನು ಬಂದಿರಲಿಲ್ಲ. ಚಿಕ್ಕಪ್ಪ ಕುರಿ ಹೊಡೆದುಕೊಂಡು ಊರೂರು ತಿರುಗುವವನು.

ಹೂವಿನವ್ವನಿಗೆ ಕಳೆದುಹೋದ ಒಡವೆ ಸಿಕ್ಕಷ್ಟು ಖುಷಿ. ಬೆಳಗ್ಗೆಯೇ ಆ ಕಡೆ ಹೋಗುವ ಬಸ್ಸಿನ ಕಂಡಕ್ಟರ್‌ಗೆ ಹೇಳಿದರು. ಕಂಡಕ್ಟರ್ ಹರಿಯಬ್ಬೆಯಲ್ಲಿ ಹೇಳಿದ, ಅಲ್ಲಿಂದ ಹಟ್ಟಿಗೆ, ಹಟ್ಟಿಯಿಂದ ಮಂದೆ ಬಿಟ್ಟಿದ್ದ ಕಡೆಗೆ. ಮುಂದಿನ ಗುರುವಾರ ನಾನು ಹೋಗುವ ಹೊತ್ತಿಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಮನುಷ್ಯ ಹೂವಿನ ಬುಟ್ಟಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಅವನ ಮಡಿಲಲ್ಲಿ ಹುಡುಗನಿದ್ದ, ಮೈಮೇಲೆ ಹೊಸ ಅಂಗಿ. ಮನುಷ್ಯ ಅಳುತ್ತಿದ್ದ. ಅದು ಸುಳ್ಳು ಅಳುವಲ್ಲ.

"ನಮ್ಮಣ್ಣನ ಮಗ ಕಣ್ರವ್ವ. ಅದೇ ಮುಖ, ಅದೇ ಕಿವಿ. ಎಷ್ಟ್ ಹುಡುಕ್ದೆ ಅಂತೀರಿ."

ಸುತ್ತ ನಿಂತವರು ಕಣ್ಣೊರೆಸಿಕೊಂಡರು. ಯಾರೋ ಟೀ ತಂದರು.

"ಕರ್ಕಂಡ್ ಹೋಗ್ತೀಯೇನಪ್ಪ?" ಎಂದು ಹೂವಿನವ್ವ ಕೇಳಿದರು.

"ಹೂನವ್ವ. ವಂಶದ ಕುಡಿ. ಕುರಿ ಹಿಂದೆ ಇರ್ತಾನೆ, ಹಾಲು ಕುಡೀತಾನೆ."

"ಹುಡ್ಗಿ?"

ಅವನು ಅವಳ ಕಡೆ ನೋಡಲಿಲ್ಲ. "ಹೊಲದಾಗೆ ಮಲಗೋ ಬಾಳು ನಮ್ದು. ವಯಸ್ಸಿಗೆ ಬರೋ ಹೆಣ್ಮಗೀನ ಎಲ್ಲಿ ಮಲಗಿಸ್ಲಿ? ನಿಮ್ಮತ್ರ ಸುಖವಾಗವ್ಳೆ. ಓದಿಸ್ರಿ."

ಅದು ಎಲ್ಲರಿಗೂ ಸರಿ ಅನ್ನಿಸಿತು. ಸ್ವಂತ ಚಿಕ್ಕಪ್ಪ, ನ್ಯಾಯವಾದ ಮಾತು. ಕಚೇರಿಯವರನ್ನು ಕೇಳಬೇಕು ಎಂದು ನಾನು ಅಂದದ್ದಕ್ಕೆ ಹಣ್ಣಿನ ಗಾಡಿಯವರು, "ರಕ್ತ ಸಂಬಂಧಕ್ಕೆ ಕಚೇರಿ ಯಾಕ್ರಿ?" ಅಂದರು. ನಾನು ಫೋನ್ ತೆಗೆದು ನಂಬರು ಹುಡುಕುತ್ತಿದ್ದಾಗ ಹುಡುಗಿ ತಮ್ಮನ ಅಂಗಿಯನ್ನು ಹಿಡಿದುಕೊಂಡಳು. ಹೊಸ ಅಂಗಿ ಹರಿಯುತ್ತದೆ ಎಂದು ಹೂವಿನವ್ವನೇ ಅವಳ ಬೆರಳು ಬಿಡಿಸಿದರು. "ಹಬ್ಬಕ್ಕೆ ಬರ್ತಾನೆ ಬಿಡೇ, ಎಲ್ಲಿಗೋಯ್ತಾನೆ?" ಕಚೇರಿಯವರು ಫೋನ್ ಎತ್ತುವ ಹೊತ್ತಿಗೆ ಚಿಕ್ಕಪ್ಪ, ಹುಡುಗ ಹತ್ತಿದ ಬಸ್ ಗೇಟು ದಾಟಿತ್ತು. ವಿಚಾರಿಸುತ್ತೇವೆ ಎಂದರು. ವಿಚಾರಿಸಿದರು ಕೂಡ. ಮಂದೆ ಆಗಲೇ ಮುಂದೆ ಹೊರಟುಹೋಗಿತ್ತು, ಯಾವ ಕಡೆ ಎಂದು ಹಟ್ಟಿಯವರಿಗೂ ಗೊತ್ತಿರಲಿಲ್ಲ; ತಿರುಗುವ ಮಂದೆ ಯಾವ ವಿಳಾಸಕ್ಕೂ ಸಿಗಲಿಲ್ಲ.

ಶುಕ್ರವಾರ ಶನಿವಾರ ಹುಡುಗಿ ಸ್ಕೂಲಿಗೆ ಹೋದಳಂತೆ. ಸೋಮವಾರ ಹೋಗಲಿಲ್ಲ, ಮನೆಗೂ ಬರಲಿಲ್ಲ.

ಒಮ್ಮೆ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಂಡಳು. ಜಡೆ ಬಿಚ್ಚಿಹೋಗಿತ್ತು. ನಾನು ಪಕ್ಕದಲ್ಲಿ ಕುಳಿತ ತಕ್ಷಣ ಎದ್ದಳು.

"ಎಲ್ಲಿದ್ದೆ? ಹೂವಿನವ್ವ ಊಟ ಬಿಟ್ಟವ್ರೆ. ಬಾ, ಹೋಗಾಣ."

"ಮಂದೆ ಎಲ್ಲೈತೆ ಅಂತ ಗೊತ್ತಾ ನಿಂಗೆ?"

"ಹುಡುಕ್ತಾ ಇದೀವಿ."

"ನಾವು ನಿಮ್ಮತ್ರ ಮಾತಾಡ್ಲೇಬಾರ್ದಿತ್ತು," ಅಂದಳು. ಕೋಪವಿರಲಿಲ್ಲ. ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿ ಜನರ ನಡುವೆ ಹೋದಳು. ಹಿಂದೆ ಓಡಿದೆ, ಸಿಗಲಿಲ್ಲ. ದಾರಿಯಲ್ಲಿ ಕುರಿಮಂದೆ ಕಂಡರೆ ಬಸ್ ನಿಲ್ಲಿಸಿ ಅನ್ನುತ್ತಾಳೆ ಎಂದು ಒಬ್ಬಿಬ್ಬರು ಕಂಡಕ್ಟರುಗಳು ಹೇಳಿದರು. ಆಮೇಲೆ ಅವರೂ ಕಂಡಿಲ್ಲ ಅಂದರು. ಒಬ್ಬ ಚಿಕ್ಕಪ್ಪನನ್ನು ವಾರದೊಳಗೆ ಹುಡುಕಿದ ಅಷ್ಟೂ ಜನಕ್ಕೆ ಒಬ್ಬ ಹುಡುಗಿ ಸಿಗುತ್ತಿಲ್ಲ. ನಾವೆಲ್ಲ ಒಂದೊಂದು ಪ್ಯಾಕು ಕೈಗಿಟ್ಟು ಹೋಗುವವರಾಗಿಯೇ ಇದ್ದಿದ್ದರೆ ಅವರಿಬ್ಬರೂ ಇವತ್ತು ಯಾವುದೋ ಬಸ್ಸಿನ ಹಿಂದಿನ ಸೀಟಿನಲ್ಲಿ ಒಟ್ಟಿಗೆ ಕುಳಿತಿರುತ್ತಿದ್ದರು.

ಹಬ್ಬ ಬಂದು ಹೋಯಿತು. ಅದಾದ ಮೇಲೆ ಒಂದು ಮಂಗಳವಾರ ಹೊಳಲ್ಕೆರೆಯಿಂದ ರಾಮಗಿರಿಗೆ ಹೋಗುತ್ತಿದ್ದಾಗ ಮಂದೆಯೊಂದು ರಸ್ತೆ ದಾಟುತ್ತಿತ್ತು. ಬಸ್ ನಿಂತಿತು. ಕಿಟಕಿಯ ಕೆಳಗೆ ಕುರಿಮರಿಯೊಂದನ್ನು ಎತ್ತಿಕೊಂಡು ಹುಡುಗ ನಿಂತಿದ್ದ. ಕಪ್ಪಾಗಿದ್ದ, ಗಟ್ಟಿಯಾಗಿದ್ದ. ನನ್ನನ್ನು ಕಂಡು ನಕ್ಕ.

"ಬಿಸ್ಕತ್ತಣ್ಣ, ಅಕ್ಕ ಬಂದವ್ಳಾ?"

"ಇಲ್ಲ," ಅಂದೆ.

"ಹೂವಿನವ್ವನ ಮನೇಲವ್ಳಾ?"

ನಾನು ಬ್ಯಾಗು ಎತ್ತಿಕೊಂಡು ಇಳಿಯಲು ಎದ್ದೆ. ಅವನು ಹೌದು ಅಂದುಕೊಂಡ.

"ಆ ಬೇವಿನ ಮರದ ಹೊಲದಾಗೆ ಮಂದೆ ಹಾಕಿದೀವಿ. ಅಮಾಸೆ ಗಂಟ ಇಲ್ಲೇ ಇರ್ತೀವಿ. ಬರಾಕ್ ಹೇಳು."

ಇಳಿಯುವಷ್ಟರಲ್ಲಿ ಡ್ರೈವರ್ ಗೇರು ಹಾಕಿದ್ದ. ರಾಮಗಿರಿಯಲ್ಲಿ ಇಳಿದು ಕಚೇರಿಗೆ ಫೋನ್ ಮಾಡಿದೆ. ಹೋಗಿ ನೋಡುತ್ತೇವೆ, ಹುಡುಗ ಚೆನ್ನಾಗಿದ್ದಾನಲ್ಲ, ಹುಡುಗಿ ಸಿಕ್ಕರೆ ತಿಳಿಸಿ ಎಂದರು. ನಾಲ್ಕೂ ಊರಿನ ಸ್ಟ್ಯಾಂಡಿನಲ್ಲಿ, ಕಂಡ ಪ್ರತಿ ಕಂಡಕ್ಟರ್‌ಗೂ ಹೇಳಿದೆ: ರಾಮಗಿರಿ ದಾರಿ, ಬೇವಿನ ಮರದ ಹೊಲ, ಅಮಾವಾಸ್ಯೆಯವರೆಗೆ. ಎಲ್ಲರೂ ಆಯಿತು ಅಂದರು. ಹೂವಿನವ್ವ ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ ತಾವೇ ಎರಡು ದಿನ ಸಂತೆಗಳನ್ನು ಸುತ್ತಿ ಬಂದರು. ಅಕ್ಕನಿಲ್ಲದೆ ಹುಡುಗನ ಮುಂದೆ ಹೋಗಿ ನಿಲ್ಲಲು ನನಗೆ ಮುಖವಿರಲಿಲ್ಲ.

ಅಮಾವಾಸ್ಯೆ ಕಳೆದ ಮಾರನೆಯ ದಿನ ರಜೆ ಹಾಕಿ ಆ ಹೊಲಕ್ಕೆ ಹೋದೆ. ಬೇಲಿಗೆ ಹಾಕಿದ್ದ ಜಾಲಿಮುಳ್ಳನ್ನು ಒಂದು ಕಡೆ ಎಳೆದಿಟ್ಟಿದ್ದರು. ಹೊಲದ ತುಂಬ ಹಿಕ್ಕೆ. ಹೊಲದವನು ಒಳ್ಳೆ ಗೊಬ್ಬರ ಬಿತ್ತು ಎಂದ. ಮಂದೆ ಯಾವ ಕಡೆ ಹೋಯಿತು ಎಂದು ಕೇಳಿದರೆ, ನಸುಕಿನಲ್ಲೇ ಎದ್ದು ಹೋದರು, ನಾನು ನೋಡಲಿಲ್ಲ ಎಂದ. ಯಾರಾದರೂ ಹುಡುಗಿ ಕೇಳಿಕೊಂಡು ಬಂದಿದ್ದಳಾ ಎಂದೆ.

"ಇಲ್ಲ. ಯಾರ ಮಗಳು?" ಎಂದು ಕೇಳಿದ.